ಗಿಟಾರ್ ಹಚ್ಚಿ ಹಲ್ಲು ಕಿತ್ತದ್ದು

ಹಲ್ಲಿನ ಡಾಕ್ಟರನ ಮೇಲೆ ಜನರಿಗೆ ಮೊದಲೇ ಸಂಶಯ. ಅವನು ನಯವಾಗಿ ನಡೆದುಕೊಂಡಷ್ಟೂ ಅದು ಹೆಚ್ಚುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗೇರಿಯಲ್ಲಿ ದವಾಖಾನೆ ತೆರೆದಾಗ ನಾನೊಂದು ಟೇಪ್ ರೆಕಾರ್ಡರ್ ಇಟ್ಟಿದ್ದೆ. ಗೋವಾದ ಗೆಳೆಯ ಕೊಟ್ಟ ಜಾಝ್ ಗಿಟಾರ್ ಕ್ಯಾಸೆಟ್. ನಡುನಡುವೆ ಬ್ಲೂಸ್, ಸೋಲ್ ಎಂಬ ಅಮೆರಿಕದ ಧಾಟಿಗಳು, ಎಲ್ಲೂ ಅಬ್ಬರವಿಲ್ಲ. ಕೇಳಿದವರ ಹೆದರಿಕೆ ಇಳಿಯಲಿ ಎಂಬುದು ನನ್ನ ಆಸೆ.

ಅಂಜಿಕಿ

ಮೊದಲು ಬಂದವರು ಒಬ್ಬ ಹತ್ತಿ ವ್ಯಾಪಾರಿ. ಕುರ್ಚಿಯಲ್ಲಿ ಒರಗಿದವರು ಗಿಟಾರ್ ಕೇಳಿಸಿದ್ದೇ ಎದ್ದು ಕೂತರು.

“ಇದನ್ನ ಯಾಕ ಹಚ್ಚೀರಿ?”

“ಅಂಜಿಕಿ ಹೋಗ್ಲಿ ಅಂತರಿ.”

ನನ್ನ ಕೈಯಲ್ಲಿದ್ದ ಇಕ್ಕಳವನ್ನೇ ನೋಡುತ್ತ ಕೇಳಿದರು: “ಯಾರ ಅಂಜಿಕಿರಿ? ನಿಮ್ದೋ, ನಮ್ದೋ?”

ಮೊದಲು ಅವ

ನಮ್ಮ ಓಣಿಯ ಅಜ್ಜಿ ಒಬ್ಬರು ದವಡೆ ಹಿಡಿದುಕೊಂಡು ಬಂದರು. ಕೂತವರು ಬಾಯಿಯನ್ನೇ ಬಿಡಲಿಲ್ಲ. ಕಣ್ಣೆಲ್ಲ ಟೇಪಿನ ಮೇಲೆ.

“ಹಾಡಾವ ಎಲ್ಲಿ ಅದಾನೋ ತಮ್ಮಾ?”

“ಇದರಾಗ ಹಾಡೋರು ಇಲ್ಲಬೇ, ಬರೇ ಬಾರಸೋದು. ಬಾಯಿ ತಗೀರಿ.”

“ಸುಳ್ಳ ಹೇಳಬ್ಯಾಡ. ಇಷ್ಟೊತ್ತು ಬಾರಿಸ್ತಾರ, ಹಾಡೂದಿಲ್ಲಂದ್ರ ಹ್ಯಾಂಗ?” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಮೊದಲು ಅವ ಬಾಯಿ ತಗೀಲಿ. ಆಮ್ಯಾಲೆ ನಾ ತಗೀತೇನಿ.”

ತಪ್ಪಿತು

ಒಂದು ಸೋಮವಾರ ಕೆಲಗೇರಿಯಿಂದ ಸಂಗೀತದ ಮಾಸ್ತರರು ಹುಳುಕು ಹಲ್ಲು ಕೀಳಿಸಲು ಬಂದರು. ಹೊರಗೆ ಬೆಂಚು ತುಂಬಿತ್ತು. ನನ್ನ ದವಾಖಾನೆಯಲ್ಲಿ ಬೆಂಚು ತುಂಬುವುದೆಂದರೆ ಹಬ್ಬ. ಮಾಸ್ತರರು ಕ್ಯಾಸೆಟ್ ಕೇಳುತ್ತಲೇ ಹುಬ್ಬು ಗಂಟಿಕ್ಕಿದರು.

“ಡಾಕ್ಟರ್, ಇವನ ಮ್ಯಾಲೆ ನನಗ ಸಂಶಯ ಐತ್ರಿ. ಸ್ವರ ಹಿಡ್ಯಾಂಗ ಮಾಡ್ತಾನ, ಹಿಡಿಯೂದಿಲ್ಲ, ಜಾರಿ ಹೋಗ್ತಾನ.”

“ಅದು ಬ್ಲೂಸ್ ಅಂತರಿ, ಹಂಗ ಇರ್ತದ.”

“ಇರ್ಲಿ, ತಾಳದಾಗ ಸಿಗ್ತಾನ. ಎಲ್ಲಿಗೆ ಹೋಗ್ತಾನ, ನೋಡೇ ಬಿಡ್ತೇನಿ.”

ಒಸಡು ಜೋಮು ಹಿಡಿಯುವ ಸೂಜಿಮದ್ದು ಕೊಟ್ಟೆ. ಅವರಿಗೆ ಅದರ ಅರಿವೇ ಇಲ್ಲ. ಕುರ್ಚಿಯ ಕೈ ಮೇಲೆ ಬೆರಳು ತಾಳ ಹಾಕುತ್ತಲೇ ಇತ್ತು. ಇಂಥ ನೆಮ್ಮದಿಯ ರೋಗಿಯನ್ನು ನಾನು ಕಂಡೇ ಇರಲಿಲ್ಲ. ಕೊನೆಗೂ ನನ್ನ ಕ್ಯಾಸೆಟ್ ಕೆಲಸ ಮಾಡಿತು ಎಂದು ಹಿಗ್ಗಿ, ಹಲ್ಲನ್ನು ಸಲೀಸಾಗಿ ಎಳೆದು ಹೊರತೆಗೆದೆ.

ಅಷ್ಟರಲ್ಲಿ ಮಾಸ್ತರರು ಕುರ್ಚಿಗೆ ಕೈ ಬಡಿದು ಹೊರಗೆಲ್ಲ ಕೇಳುವಂತೆ ಚೀರಿದರು:

“ತಪ್ಪಿತು! ಪೂರಾ ತಪ್ಪಿತು!”

ಹುಳುಕು ಹಲ್ಲು ಬಿಟ್ಟು ಗಟ್ಟಿ ಹಲ್ಲು ಕಿತ್ತೆನೇ? ಅವರ ಬಾಯೊಳಗೆ ಬಗ್ಗಿ ನೋಡಿದೆ.

“ಯಾವ ಹಲ್ಲು ತಪ್ಪಿತ್ರಿ, ಮಾಸ್ತರ?”

“ಹಲ್ಲಲ್ಲರಿ, ತಾಳ! ನಿಮ್ಮ ಗಿಟಾರಿನವ ತಾಳ ತಪ್ಪಿಸಿದಾ!”

ಹೋದ ಜೀವ ಬಂತು. ನಗುತ್ತ ಬಾಗಿಲು ತೆರೆದು, “ಮುಂದಿನವರು ಬರ್ರಿ” ಎಂದೆ.

ಬೆಂಚು ಖಾಲಿ. ಅವಸರದಲ್ಲಿ ಒಬ್ಬರು ಚಪ್ಪಲಿಯನ್ನೂ ಬಿಟ್ಟು ಹೋಗಿದ್ದರು.