ಗೋಳಣ್ಣನ ರಾಕ್ ಅಂಡ್ ರೋಲ್

ತೊಂದರೆ ಶುರುವಾದದ್ದು ಒಂದು ಬಟ್ಟಲು ಸೂಪಿನಿಂದ. ಶುಕ್ರವಾರ ಸಂಜೆ ಹೋಟೆಲಿನ ಮೂಲೆಯ ಮೇಜಿಗೆ ಕೂತಿದ್ದ ಗಿರಾಕಿಯೊಬ್ಬ ಗೋಳಣ್ಣನ ಹಾಡು ಕೇಳುತ್ತ ಕೇಳುತ್ತ ತನ್ನ ಸೂಪಿನೊಳಕ್ಕೆ ನಾಲ್ಕು ಹನಿ ಕಣ್ಣೀರು ಬಿಟ್ಟ. ಆಮೇಲೆ ಒಂದು ಚಮಚ ಬಾಯಿಗಿಟ್ಟು, "ಉಪ್ಪು ಜಾಸ್ತಿ" ಎಂದು ಬಟ್ಟಲನ್ನು ವಾಪಸು ಕಳಿಸಿದ. ಅಡುಗೆಯವನು ರುಚಿ ನೋಡಿ, "ನಾನು ಹಾಕಿದ ಉಪ್ಪು ಇಷ್ಟಿಲ್ಲ" ಎಂದು ಸೌಟು ಕುಕ್ಕಿದ. ಮಾಲೀಕರು ಖುದ್ದಾಗಿ ವಿಚಾರಣೆ ನಡೆಸಿ, ತಪ್ಪು ಅಡುಗೆಯವನದಲ್ಲ, ಗಾಯಕನದು ಎಂದು ತೀರ್ಮಾನಿಸಿದರು.

ಗೋಳಣ್ಣ ಇಪ್ಪತ್ತು ವರ್ಷದಿಂದ ಆ ಹೋಟೆಲಿನಲ್ಲಿ ಬ್ಲೂಸ್ ಹಾಡುತ್ತಿದ್ದ. ಬ್ಲೂಸ್ ಎಂದರೆ, ಗೊತ್ತಿಲ್ಲದವರಿಗೆ ಹೇಳುವುದಾದರೆ, ಗಿಟಾರನ್ನು ಎದೆಗೆ ಅವಚಿಕೊಂಡು, ಮನೆ ಬಿಟ್ಟು ಹೋದವಳನ್ನೂ ತಪ್ಪಿಹೋದ ರೈಲನ್ನೂ ತೂತು ಬಿದ್ದ ಬೂಟನ್ನೂ ನೆನೆದು ನಿಧಾನವಾಗಿ ಗೋಳಾಡುವುದು. ಗೋಳಣ್ಣನ ಹೆಂಡತಿ ಯಾವತ್ತೂ ಮನೆ ಬಿಟ್ಟು ಹೋದವಳಲ್ಲ. ಅವನಿಗೆ ಒಂದು ರೈಲೂ ತಪ್ಪಿದ್ದಿಲ್ಲ. ಬೂಟುಗಳೂ ಗಟ್ಟಿಮುಟ್ಟಾಗಿಯೇ ಇದ್ದವು. ಆದರೂ ಕಣ್ಣು ಮುಚ್ಚಿ ದನಿ ಎಳೆದನೆಂದರೆ ಲೋಕದ ಕಷ್ಟವೆಲ್ಲ ಅವನ ಮನೆಯಲ್ಲೇ ಬಿಡಾರ ಹೂಡಿದ ಹಾಗೆ ಕೇಳಿಸುತ್ತಿತ್ತು. ಆ ಹೆಸರು ಬಂದದ್ದೇ ಹಾಗೆ. ಅವನ ನಿಜವಾದ ಹೆಸರು ಮನೆಯವರಿಗಾದರೂ ನೆನಪಿತ್ತೋ ಇಲ್ಲವೋ.

"ನೋಡಿ ಗೋಳಣ್ಣ, ಜನ ಇಲ್ಲಿಗೆ ಬರೋದು ಹೊಟ್ಟೆ ತುಂಬಿಸ್ಕೊಳ್ಳೋಕೆ, ಅಳೋಕಲ್ಲ," ಎಂದರು ಮಾಲೀಕರು. "ಕಾಲ ಬದಲಾಗಿದೆ. ರಾಕ್ ಅಂಡ್ ರೋಲ್ ಹಾಡಿ. ನಾಳೆ ಸಂಜೆ ಏಳಕ್ಕೆ ನಾನೇ ಕೂತು ನೋಡ್ತೀನಿ. ಜನ ಕುರ್ಚಿ ಬಿಟ್ಟು ಎದ್ದು ಕುಣೀಬೇಕು. ಕುಣೀಲಿಲ್ವೋ, ನಾಡಿದ್ದಿನಿಂದ ಗಿಟಾರ್ ಮನೇಲೇ ಇಟ್ಕೊಳ್ಳಿ."

ನಾಲ್ಕು ಹಲಗೆ ಜೋಡಿಸಿದ ಆ ಪುಟ್ಟ ವೇದಿಕೆ, ಅದರ ಮೇಲೊಂದು ಸ್ಟೂಲು, ಆಗಾಗ ಕೊರ್ರೆನ್ನುವ ಮೈಕು, ಇಷ್ಟೇ ಗೋಳಣ್ಣನ ಆಸ್ತಿ. ಅಲ್ಲಿಂದ ಕೆಳಗಿಳಿದರೆ ಅವನು ಎಲ್ಲರ ಹಾಗೆ ತರಕಾರಿ ಚೀಲ ಹಿಡಿದು ಓಡಾಡುವ ಒಬ್ಬ ಮನುಷ್ಯ. ಅಲ್ಲಿ ಕೂತಾಗ ಮಾತ್ರ ಗಾಯಕ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ನಿಂತ. ರಾಕ್ ಅಂಡ್ ರೋಲಿನಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅದೇ ಗಿಟಾರು, ಅದೇ ಮೂರು ಸ್ವರಗುಚ್ಛಗಳು, ಹೆಚ್ಚುಕಡಿಮೆ ಅದೇ ಹಾಡು. ವೇಗ ಮಾತ್ರ ಮೂರು ಪಟ್ಟು, ಜೊತೆಗೆ ಸೊಂಟ. ಈ ಸೊಂಟದ್ದೇ ಸಮಸ್ಯೆ. ಇಪ್ಪತ್ತು ವರ್ಷ ಸ್ಟೂಲಿನ ಮೇಲೆ ಕೂತಿದ್ದ ಸೊಂಟ ಅದು. ಅವನು ಒಂದು ಸಲ ಎಡಕ್ಕೆ ಕುಲುಕಿದ, ಏನೋ ಲಟಕ್ಕೆಂದಿತು. ಬಲಕ್ಕೆ ಕುಲುಕಿ ಅದನ್ನು ಸರಿಮಾಡಿಕೊಂಡು, "ಹೋಯ್, ಹೋಯ್, ಹೋಯ್!" ಎಂದು ಕಿರುಚುತ್ತ ನೆಲ ಅದುರುವಂತೆ ಕುಪ್ಪಳಿಸಿದ.

ಅಡುಗೆಮನೆಯಿಂದ ಹೆಂಡತಿ ಪೊರಕೆ ಹಿಡಿದುಕೊಂಡೇ ಓಡಿಬಂದಳು.

"ರೀ! ಅಂಗಿ ಒಳಗೆ ಜಿರಲೆ ಹೋಯ್ತಾ? ಬಿಚ್ಚಿ, ಬೇಗ ಬಿಚ್ಚಿ!"

"ಜಿರಲೆ ಅಲ್ಲ ಕಣೇ, ರಾಕ್ ಅಂಡ್ ರೋಲ್!"

"ಏನಾದ್ರೂ ಆಗ್ಲಿ, ಮೊದಲು ಕೊಡವಿ!" ಎಂದು ಅವಳು ಬೆನ್ನಿಗೆ ಎರಡು ಬಿಟ್ಟೇಬಿಟ್ಟಳು. ಪೊರಕೆಯ ಏಟಿಗೆ ಗೋಳಣ್ಣ ನೆಗೆದ ನೆಗೆತ, ನಿಜ ಹೇಳಬೇಕೆಂದರೆ, ಆವರೆಗಿನ ಅಭ್ಯಾಸದಲ್ಲೆಲ್ಲ ಉತ್ತಮವಾದದ್ದು.

ಅಷ್ಟರಲ್ಲಿ ಕೆಳಗಡೆಯಿಂದ ಒಂದು ಭಯಂಕರ ಕೂಗು ಕೇಳಿಸಿತು.

ಗೋಳಣ್ಣನ ಮನೆ ಇದ್ದದ್ದು ಮಹಡಿಯ ಮೇಲೆ. ಸರಿಯಾಗಿ ಅದರ ಕೆಳಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಪಕ್ಕದಲ್ಲಿ ಟೈಲರ್ ಅಂಗಡಿ. ದಿನಾ ಬೆಳಿಗ್ಗೆ ಅವನು ಅಭ್ಯಾಸಕ್ಕೆ ಕೂತಾಗ ಕೆಳಗೆ ಏನು ನಡೆಯುತ್ತಿತ್ತು ಎಂಬುದು ಇಷ್ಟು ವರ್ಷವಾದರೂ ಅವನಿಗೆ ಗೊತ್ತಿರಲಿಲ್ಲ. ನಡೆಯುತ್ತಿದ್ದದ್ದು ಇದು: ಬ್ಲೂಸಿನಲ್ಲಿ ಒಂದೇ ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಎದೆ ಒಡೆದುಕೊಳ್ಳುವುದು ವಾಡಿಕೆ. ಆ ಮೂರನೆಯ ಸಾಲಿನ ಕೊನೆಗೆ ಗೋಳಣ್ಣ "ಅಯ್ಯೋ..." ಎಂದು ಎಳೆಯುತ್ತಿದ್ದ. ಅದನ್ನು ಕೇಳಿ ಕರುಳು ಚುರುಕ್ಕೆಂದ ರೋಗಿ ತನ್ನ ಹಲ್ಲುನೋವು ಮರೆತು, ತಾನೂ ಬಾಯಿ ದೊಡ್ಡದಾಗಿ ತೆರೆದು "ಅಯ್ಯೋ..." ಅನ್ನುತ್ತಿದ್ದ. ಆ ಹೊತ್ತಿಗೆ ಕಾದಿದ್ದ ಡಾಕ್ಟರು ಇಕ್ಕಳ ಹಾಕಿ ಹಲ್ಲು ಕಿತ್ತು ಬಟ್ಟಲಿಗೆ ಹಾಕಿಬಿಡುತ್ತಿದ್ದರು. ಡಾಕ್ಟರದು ಹೂವಿನಂಥ ಕೈ ಎಂದು ಊರೆಲ್ಲ ಹೆಸರು.

ಇವತ್ತು ಕುರ್ಚಿಯಲ್ಲಿದ್ದವರು ಪೋಸ್ಟ್‌ಮಾಸ್ಟರು. ಡಾಕ್ಟರು ಎರಡು ಸಾಲು ಎಣಿಸಿ ಇಕ್ಕಳ ಎತ್ತಿದ್ದರು. ಮೂರನೆಯ ಸಾಲಿಗೆ "ಅಯ್ಯೋ" ಬದಲು "ಹೋಯ್!" ಬಂದು, ಮೇಲಿನಿಂದ ಸುಣ್ಣದ ಪುಡಿ ಉದುರಿ, ಪೋಸ್ಟ್‌ಮಾಸ್ಟರ ಕಾಲು ತಾನಾಗಿ ತಾಳ ಹಾಕಿ, ಅವರ ತಲೆ ಅಲ್ಲಾಡಿ, ಇಕ್ಕಳಕ್ಕೆ ಸಿಕ್ಕಿದ್ದು ಪಕ್ಕದ ಗಟ್ಟಿ ಹಲ್ಲು.

ಡಾಕ್ಟರು ಬಿಳಿಕೋಟಿನಲ್ಲೇ ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಬಾಯಿಗೆ ಹತ್ತಿ ತುರುಕಿಕೊಂಡ ಪೋಸ್ಟ್‌ಮಾಸ್ಟರು.

"ಗೋಳಣ್ಣ, ಮನೇಲಿ ಎಲ್ರೂ ಕ್ಷೇಮಾನಾ?" ಡಾಕ್ಟರು ಅವನ ಕಣ್ಣರೆಪ್ಪೆ ಎಳೆದು ನೋಡಿದರು. "ಏನಾದ್ರೂ ಮನಸ್ಸಿಗೆ ಹಚ್ಕೊಂಡಿದ್ದೀರಾ?"

"ಇಲ್ವಲ್ಲ ಡಾಕ್ಟ್ರೇ. ಖುಷಿಯಾಗಿ ಹಾಡ್ತಿದ್ದೆ."

"ಅದೇ ನನಗೆ ಹೆದರಿಕೆ. ಇಪ್ಪತ್ತು ವರ್ಷ ಅಳ್ತಾ ಚೆನ್ನಾಗೇ ಇದ್ರಿ. ಇವತ್ತು ಇದ್ದಕ್ಕಿದ್ದ ಹಾಗೆ ಖುಷಿ ಅಂದ್ರೆ ಏನರ್ಥ?"

ಪೋಸ್ಟ್‌ಮಾಸ್ಟರು ಹತ್ತಿಯೊಳಗಿಂದಲೇ ಏನೋ ಅಂದರು. ಯಾರಿಗೂ ತಿಳಿಯಲಿಲ್ಲ, ಆದರೆ ಅದು ಹೊಗಳಿಕೆಯಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಗೋಳಣ್ಣ ಕಣ್ಣು ಪಿಳಿಪಿಳಿ ಬಿಟ್ಟ. ಇಷ್ಟು ವರ್ಷದಲ್ಲಿ ಅವನ ಹಾಡಿನ ಬಗ್ಗೆ ಆ ಕಟ್ಟಡದ ಒಬ್ಬರೂ ಒಂದು ಮಾತು ಆಡಿದ್ದಿಲ್ಲ. ಯಾರೂ ಕೇಳುತ್ತಲೇ ಇಲ್ಲವೆಂದು ಅವನು ಒಳಗೊಳಗೇ ಕೊರಗಿದ್ದ. ಈಗ ನಿಲ್ಲಿಸಿದ್ದಕ್ಕೆ ಕಣ್ಣರೆಪ್ಪೆ ಎಳೆಯುತ್ತಿದ್ದಾರೆ! ಹಿಗ್ಗಬೇಕೋ ಕುಗ್ಗಬೇಕೋ ಅವನಿಗೆ ಹೊಳೆಯಲಿಲ್ಲ. ಸೂಪಿನಿಂದ ಹಿಡಿದು ಎಲ್ಲವನ್ನೂ ವಿವರಿಸಿ, "ಇವತ್ತು ಜನ ಕುಣೀದಿದ್ರೆ ನನ್ನ ಜಾಗ ಹೋಯ್ತು ಡಾಕ್ಟ್ರೇ, ದಯವಿಟ್ಟು ಸಾಯಂಕಾಲದವರೆಗೆ ಸಹಿಸ್ಕೊಳ್ಳಿ" ಎಂದು ಕೈ ಮುಗಿದ.

ಡಾಕ್ಟರು "ಹೂಂ" ಎಂದು ಏನೋ ಲೆಕ್ಕ ಹಾಕುತ್ತ ಇಳಿದುಹೋದರು.

ಮುಂದಿನ ಸರದಿ ಟೈಲರನದು. ರಾಕ್ ಅಂಡ್ ರೋಲಿಗೆ ಬಿಗಿಯಾದ ಪ್ಯಾಂಟು ಬೇಕೇಬೇಕೆಂದು ಗೋಳಣ್ಣ ಬೆಳಿಗ್ಗೆಯೇ ಅವನಿಗೆ ಬಟ್ಟೆ ಕೊಟ್ಟಿದ್ದ. ಟೈಲರನ ಕಾಲು ಇಪ್ಪತ್ತು ವರ್ಷದಿಂದ ಮೇಲಿನ ಹಾಡಿನ ತಾಳಕ್ಕೇ ಹೊಲಿಗೆಯಂತ್ರ ತುಳಿದು ಪಳಗಿದ್ದು. ಹಾಡು ಓಡಿತು, ಕಾಲು ಓಡಿತು, ಸೂಜಿಯೂ ಓಡಿತು. ಮಧ್ಯಾಹ್ನದ ಹೊತ್ತಿಗೆ ಅವನು ತಂದುಕೊಟ್ಟ ಪ್ಯಾಂಟಿಗೆ ಜೇಬುಗಳ ಬಾಯಿ ಮುಚ್ಚಿಹೋಗಿತ್ತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎರಡು ಕಾಲುಗಳೂ ಮಂಡಿಯವರೆಗೆ ಒಂದಕ್ಕೊಂದು ಸೇರಿ ಹೊಲಿದುಹೋಗಿದ್ದವು.

"ನನ್ನ ತಪ್ಪಲ್ಲಣ್ಣ, ನೀವು ನಿಲ್ಲಿಸ್ಲಿಲ್ಲ, ನಾನೂ ನಿಲ್ಲಿಸ್ಲಿಲ್ಲ," ಎಂದ ಟೈಲರ್. "ಬಿಚ್ಚಿ ಹೊಲಿಯೋಕೆ ಎರಡು ದಿನ ಬೇಕು. ಹಾಕ್ಕೊಂಡು ನೋಡಿ, ಹೊಸ ಮಾದರಿ ಅನ್ಕೋತಾರೆ."

"ನಡೆಯೋದು ಹೇಗಪ್ಪಾ?"

"ರಾಕ್ ಅಂಡ್ ರೋಲ್ ಹಾಡೋರು ನಡೀತಾರಾ ಅಣ್ಣ?"

ಈ ಮಾತಿಗೆ ಉತ್ತರ ಹುಡುಕುತ್ತ ಗೋಳಣ್ಣ ಪ್ಯಾಂಟು ಹಾಕಿಕೊಂಡ. ಉತ್ತರ ಸಿಗಲಿಲ್ಲ. ಪ್ಯಾಂಟು ಬಿಚ್ಚಲೂ ಬರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕ್ಲಿನಿಕ್ಕಿನ ಹೊರಗಿನ ಬೆಂಚುಗಳ ಮೇಲೆ ನೆರೆಹೊರೆಯ ಸಭೆ ಸೇರಿತು. ಡಾಕ್ಟರು, ಟೈಲರ್, ಪೋಸ್ಟ್‌ಮಾಸ್ಟರು, ಮಗು ಬೆಳಗಿನಿಂದ ಕಣ್ಣು ಮುಚ್ಚಿಲ್ಲವೆಂದು ರೇಗಿದ್ದ ಎದುರುಮನೆಯ ತಾಯಿ, ಜೊತೆಗೆ ಹಲ್ಲು ಕೀಳಿಸಲು ಬಂದು ಹಾಡು ಕೆಟ್ಟಿದೆಯೆಂದು ಕಾದು ಕೂತಿದ್ದ ಏಳೆಂಟು ಜನ.

"ಗೋಳಣ್ಣ ನಮ್ಮೋರು. ಅವರಿಗೆ ಕೆಡುಕು ಬಯಸೋದು ಬೇಡ," ಎಂದರು ಡಾಕ್ಟರು. "ಆದ್ರೆ ಇವತ್ತು ಅಲ್ಲಿ ಜನ ಕುಣಿದುಬಿಟ್ರೆ ಅವರು ದಿನಾ ಹೀಗೇ ಹಾರ್ತಾರೆ. ನನ್ನ ಕ್ಲಿನಿಕ್ ಮುಚ್ಚಬೇಕು. ಅಲ್ಲಿ ಸೋತ್ರೆ ಮಾತ್ರ ಇಲ್ಲಿ ಅಳ್ತಾರೆ. ಆದ್ದರಿಂದ ಎಲ್ರೂ ಹೋಗೋಣ, ಮುಂದಿನ ಸಾಲಲ್ಲೇ ಕೂರೋಣ. ಒಬ್ಬರೂ ಒಂದು ಬೆರಳೂ ಅಲ್ಲಾಡಿಸಬಾರದು."

"ಕಾಲು ತಾನಾಗೇ ಅಲ್ಲಾಡಿದ್ರೆ?" ಎಂದ ಟೈಲರ್.

"ಪಕ್ಕದೋರು ತುಳೀಬೇಕು."

ಸಂಜೆ ಏಳಕ್ಕೆ ಗೋಳಣ್ಣ ಒಳಬಾಗಿಲಿನಿಂದ ಎರಡೂ ಕಾಲು ಜೋಡಿಸಿಕೊಂಡು ಕುಪ್ಪಳಿಸುತ್ತ ವೇದಿಕೆಗೆ ಬಂದ. ಗೋಣಿಚೀಲದ ಓಟಕ್ಕೆ ನಿಂತವನ ಹಾಗೆ ಕಾಣುತ್ತಿದ್ದ. "ಶುರು ಮಾಡೋಕೆ ಮುಂಚೆನೇ ಏನು ಹುಮ್ಮಸ್ಸು!" ಎಂದು ಮಾಲೀಕರು ತಲೆದೂಗಿದರು. ಗೋಳಣ್ಣ ಕಣ್ಣು ಬಿಟ್ಟು ನೋಡಿದರೆ ಹೋಟೆಲು ಕಿಕ್ಕಿರಿದಿದೆ. ಮುಂದಿನ ಸಾಲಿನಲ್ಲಿ ತನ್ನವರೇ! ಇಷ್ಟು ವರ್ಷದಲ್ಲಿ ಒಂದು ದಿನವೂ ಬಾರದವರು ತನ್ನ ಕಷ್ಟಕ್ಕೆ ಆಗಲು ಓಡಿಬಂದಿದ್ದಾರೆ!

ಅವನು ಜೀವ ಪಣಕ್ಕಿಟ್ಟು ಹಾಡಿದ. ಸೊಂಟ ಎಡಕ್ಕೆ, ಸೊಂಟ ಬಲಕ್ಕೆ, ಹೋಯ್, ಹೋಯ್! ಕುಪ್ಪಳಿಸಿದ ರಭಸಕ್ಕೆ ಮೇಜಿನ ಮೇಲಿನ ಚಮಚಗಳು ಗಲಗಲ ಅಂದವು. ಮುಂದಿನ ಸಾಲು ಮಾತ್ರ ಫೋಟೊ ತೆಗೆಸಿಕೊಳ್ಳಲು ಕೂತವರ ಹಾಗೆ ಬಿಗಿದು ಕೂತಿತ್ತು. ಡಾಕ್ಟರು, ಪೋಸ್ಟ್‌ಮಾಸ್ಟರಂಥ ದೊಡ್ಡವರೇ ಸುಮ್ಮನಿರುವಾಗ ನಾವು ಏಳುವುದು ಹೇಗೆ ಎಂದು ಹಿಂದೆ ಕೂತಿದ್ದ ಗಿರಾಕಿಗಳೂ ಸುಮ್ಮನಾದರು. ಟೈಲರನ ಕಾಲನ್ನು ಇಬ್ಬರು ತುಳಿದು ಹಿಡಿದಿದ್ದರು. ಒಂದು ಹಾಡಾಯಿತು, ಎರಡಾಯಿತು, ಮೂರಾಯಿತು. ಮಾಲೀಕರು ಗಡಿಯಾರ ನೋಡಿ ತಲೆ ಅಲ್ಲಾಡಿಸಿದರು.

ಗೋಳಣ್ಣನಿಗೆ ಎಲ್ಲ ಮುಗಿಯಿತು ಅನ್ನಿಸಿತು. ಬೆವರು ಒರೆಸಿಕೊಂಡು ಮೆಲ್ಲಗೆ ಸ್ಟೂಲಿನ ಮೇಲೆ ಕುಸಿದ. ಹೋಗುವುದಂತೂ ಹೋಗುವುದೇ, ಒಂದು ಸಲ ತನ್ನ ಹಾಡು ಹಾಡಿಯೇ ಹೋಗೋಣವೆಂದು ಕಣ್ಣು ಮುಚ್ಚಿದ. ಈ ಸಲ ತಪ್ಪಿದ ರೈಲು ನಿಜವಾಗಿಯೂ ಅವನದೇ. ಮೊದಲ ಸಾಲು ಬಂತು. ಅದೇ ಸಾಲು ಮತ್ತೆ ಬಂತು. ಮೂರನೆಯ ಸಾಲಿನ ಕೊನೆಗೆ, ಹಿಂದೆಂದೂ ಇಲ್ಲದ ಸಂಕಟದಿಂದ, "ಅಯ್ಯೋ..." ಎಂದು ಎಳೆದ.

"ಬಂತು! ವಾಪಸು ಬಂತು!" ಎಂದು ಡಾಕ್ಟರು ಕುರ್ಚಿಯಿಂದ ಚಂಗನೆ ನೆಗೆದರು.

ಟೈಲರ್ ಕಾಲು ಬಿಡಿಸಿಕೊಂಡು ಗಿರ್ರನೆ ಸುತ್ತಿದ. ಎದುರುಮನೆಯ ತಾಯಿ ಕೈಚಪ್ಪಾಳೆ ತಟ್ಟುತ್ತ ಎದ್ದಳು. ಪೋಸ್ಟ್‌ಮಾಸ್ಟರು ಬಾಯಿಯ ಹತ್ತಿ ಕಿತ್ತೆಸೆದು ಡಾಕ್ಟರ ಸೊಂಟ ಹಿಡಿದುಕೊಂಡರು. ಹಲ್ಲುನೋವಿನವರೆಲ್ಲ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ರೈಲು ಮಾಡಿಕೊಂಡು ಮೇಜುಗಳ ಸುತ್ತ ಹೊರಟರು. ದೊಡ್ಡವರು ಎದ್ದದ್ದು ಕಂಡು ಹಿಂದಿನ ಗಿರಾಕಿಗಳೂ ಎದ್ದರು. ಗೋಳಣ್ಣ ಕಣ್ಣು ತೆರೆದ. ಹೋಟೆಲಿಗೆ ಹೋಟೆಲೇ ಕುಣಿಯುತ್ತಿತ್ತು! ತಲೆಬುಡ ಒಂದೂ ಅರ್ಥವಾಗದಿದ್ದರೂ ನಿಲ್ಲಿಸಿದರೆ ಎಲ್ಲಿ ಕೆಡುತ್ತದೋ ಎಂದು ಇನ್ನೂ ಜೋರಾಗಿ ಅತ್ತ.

ಹಾಡು ಮುಗಿದಾಗ ಮಾಲೀಕರು ಎರಡೂ ಕೈ ಚಾಚಿಕೊಂಡು ಓಡಿಬಂದರು. ಗೋಳಣ್ಣನೂ ಕೈ ಚಾಚಿದ. ಅವರು ಅವನನ್ನು ದಾಟಿ ಹೋಗಿ ಡಾಕ್ಟರನ್ನು ತಬ್ಬಿಕೊಂಡರು.

"ಎಲ್ಲಿದ್ರಿ ಸ್ವಾಮೀ ಇಷ್ಟು ದಿನ! ನಾಳೆಯಿಂದ ದಿನಾ ಸಂಜೆ ಬನ್ನಿ, ನಿಮ್ಮ ಗುಂಪು ಪೂರ್ತಿ ಬರಬೇಕು. ನೀವು ಎದ್ರೆ ಹೋಟೆಲೇ ಏಳುತ್ತೆ. ಊಟ, ಕಾಫಿ ಎಲ್ಲ ನಮ್ಮದೇ."

"ಸಾರ್, ನಾನು?" ಎಂದ ಗೋಳಣ್ಣ. "ಜನ ಕುಣಿದ್ರಲ್ಲ!"

"ಕುಣಿದ್ರು. ಆದ್ರೆ ನಿಮ್ಮಿಂದ ಅಲ್ಲ ಗೋಳಣ್ಣ. ನೀವು ಕುಣಿಸೋಕೆ ಹಾಡಿದಾಗ ಒಂದು ನರಪಿಳ್ಳೆನೂ ಏಳ್ಲಿಲ್ಲ. ಈ ಮಹಾರಾಯರು ಅಳೋ ಹಾಡಿಗೇ ಹೀಗೆ ಕುಣೀತಾರೆ ಅಂದ್ರೆ ಫ್ಯಾನ್ ಸದ್ದಿಗೂ ಕುಣೀತಾರೆ. ಇನ್ನು ಗಾಯಕ ಯಾಕೆ? ನನ್ನ ಹತ್ರ ರೇಡಿಯೋ ಇದೆ."

ಗೋಳಣ್ಣ ನೆರೆಹೊರೆಯವರ ಕಡೆ ತಿರುಗಿದ. ಈಗಲಾದರೂ ಒಬ್ಬರು ಬಾಯಿ ಬಿಟ್ಟು ಹೇಳಿಯಾರು, ನಾವು ಕುಣಿದದ್ದು ಇವರ ಹಾಡಿಗೆ, ಇವರ ಈ ಹಾಡಿಗಾಗಿಯೇ ಎಂದು. ಡಾಕ್ಟರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಮುಖದಲ್ಲಿ ಹೊಸ ಕಳೆಯಿತ್ತು.

"ಗೋಳಣ್ಣ, ಒಂದು ಉಪಕಾರ ಆಗ್ಬೇಕು. ನಮಗೆ ಕುಣಿತ ಹೊಸದು, ನಾಳೆ ಸಂಜೆ ಮರ್ಯಾದೆ ಪ್ರಶ್ನೆ. ಕ್ಲಿನಿಕ್ಕಿಗೆ ಒಂದು ವಾರ ರಜೆ ಹಾಕಿ ಕೆಳಗೇ ಅಭ್ಯಾಸ ಮಾಡ್ಬೇಕು ಅಂತಿದ್ದೀವಿ. ಹೇಗೂ ನೀವು ಮನೇಲೇ ಇರ್ತೀರಿ. ಈ ಅಳೋದನ್ನ ಬಿಟ್ಟು, ಬೆಳಿಗ್ಗೆ ಹಾಡಿದ್ರಲ್ಲ ಆ 'ಹೋಯ್ ಹೋಯ್', ಅದನ್ನೇ ಸ್ವಲ್ಪ ಜೋರಾಗಿ ಹಾಡ್ತಾ ಇರಿ."