ಎಳ್ಳಮಾಸಿ ದಿನ ರೊಟ್ಟಿ ಮಾರಲು ಹೋದದ್ದು

ನನ್ನ ಹೆಂಡತಿ ಶಕುಂತಲಾ ನರಗುಂದದಲ್ಲಿ ರೊಟ್ಟಿ ವ್ಯಾಪಾರ ಮಾಡುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿತ್ತಲಿನ ತಗಡಿನ ಚಪ್ಪರವೇ ಕಾರ್ಖಾನೆ. ಜೊತೆಗೆ ರೊಟ್ಟಿ ಬಡಿಯಲು ಎರಡು ಓಣಿ ಆಚೆಯಿಂದ ಹುಸೇನ್‌ಬಿ ಬರುತ್ತಾಳೆ. ನಾಳೆ ಎಷ್ಟು ರೊಟ್ಟಿ ಮಾಡಬೇಕು ಎಂಬ ಮಹತ್ವದ ನಿರ್ಧಾರವನ್ನು ನನ್ನ ಹೆಂಡತಿ ಸಂಜೆ ಬಾಗಿಲಲ್ಲಿ ನಿಂತು, ರಸ್ತೆಯನ್ನು ಆ ಕಡೆ ಈ ಕಡೆ ಒಮ್ಮೆ ನೋಡಿ ತೆಗೆದುಕೊಳ್ಳುತ್ತಿದ್ದಳು.

ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ದುಡಿದು ನಿವೃತ್ತನಾಗಿ ಬಂದ ನನಗೆ ಈ ಪದ್ಧತಿ ಆಘಾತಕಾರಿಯಾಗಿ ಕಂಡಿತು. ಆಧಾರವಿಲ್ಲದೆ ಎರಡು ಸಾಲಿನ ಮಳೆ ಸುದ್ದಿಯನ್ನೂ ನಾನು ಬಿಟ್ಟವನಲ್ಲ. ಇಲ್ಲಿ ನೋಡಿದರೆ ಇಡೀ ಉದ್ಯಮ ರಸ್ತೆ ನೋಡಿಕೊಂಡು ನಡೆಯುತ್ತಿದೆ.

ಅದೇ ಸಮಯಕ್ಕೆ ಗಜೇಂದ್ರಗಡದಲ್ಲಿ ಸಣ್ಣ ವ್ಯಾಪಾರಿಗಳಿಗೆ ಸ್ಪ್ರೆಡ್‌ಶೀಟ್ ತರಬೇತಿ ಇದೆ ಎಂದು ತಿಳಿಯಿತು. ಹೋದೆ. ಎಡಕ್ಕೆ ಕುಳಿತಿದ್ದ ಸೀರೆ ವ್ಯಾಪಾರಿ ಚಹಾ ಬರುವವರೆಗೆ ನಿದ್ದೆ ಮಾಡಿದರು, ಬಲಕ್ಕೆ ಕುಳಿತಿದ್ದ ಬೆಲ್ಲದ ವ್ಯಾಪಾರಿ ಚಹಾ ಕುಡಿದು ಎದ್ದುಹೋದರು. ನಾನು ಮಾತ್ರ ಕೊನೆಯವರೆಗೂ ಟಿಪ್ಪಣಿ ಬರೆದುಕೊಂಡೆ. ‘ಊಹೆ ಬಿಡ್ರಿ, ಅಂಕಿ ಏನ್ ಹೇಳ್ತಾವ ಕೇಳ್ರಿ’ ಎಂದು ಕಲಿಸುವವರು ಹೇಳಿದ ಮಾತಿನ ಕೆಳಗೆ ಎರಡು ಗೆರೆ ಎಳೆದೆ.

ಮನೆಗೆ ಬಂದು ಅಂಗಡಿಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ತುಂಬತೊಡಗಿದೆ. ಆರಂಭದಲ್ಲಿ ಸಣ್ಣಪುಟ್ಟ ತೊಡಕುಗಳಾದವು. ಒಂದು ಅಂಕಣದ ತುಂಬ ಬೇಲಿಯಂಥ ಗುರುತುಗಳು ಬಂದವು. ಕಂಪ್ಯೂಟರು ನನ್ನ ಅಂಕಿಗಳನ್ನು ಆಕ್ಷೇಪಾರ್ಹವೆಂದು ತಡೆಹಿಡಿದಿದೆ ಎಂದು ತಿಳಿದು ಎರಡು ದಿನ ಮತ್ತೆ ಮತ್ತೆ ಬರೆದೆ. ಅಂಕಣವನ್ನು ಸ್ವಲ್ಪ ಅಗಲ ಮಾಡಿದ್ದರೆ ಸಾಕಾಗಿತ್ತು. ಇನ್ನೊಂದು ಸಂಜೆ ಎಷ್ಟು ರೊಟ್ಟಿ ಹರಿದವು ಎಂದು ಕೇಳಿದ್ದಕ್ಕೆ ಹುಸೇನ್‌ಬಿ, “ಐದಾರು ಹರದಾವ್ರಿ” ಎಂದಳು. ನಾನು ನಿಷ್ಠೆಯಿಂದ 5-6 ಎಂದು ಒತ್ತಿದೆ. ಅದು ತಕ್ಷಣ ಜೂನ್ ತಿಂಗಳ ಐದನೇ ತಾರೀಕು ಆಯಿತು. ಆಗ ಇದ್ದದ್ದು ಡಿಸೆಂಬರ್.

“ಇನ್ನ ಹರದಿಲ್ಲರಿ ಹಂಗಾರ. ಜೂನ್‌ದಾಗ ಹರೀತಾವ” ಎಂದಳು ಶಕುಂತಲಾ.

ಅಷ್ಟರಲ್ಲಿ ನನಗೆ ಗೆರೆ ಎಳೆಯಲು ಬಂದಿತ್ತು. ಕಳೆದ ದಿನಗಳ ಮಾರಾಟವನ್ನು ಕೊಟ್ಟರೆ ಮುಂದಿನ ದಿನ ಎಷ್ಟು ಹೋಗಬಹುದು ಎಂದು ತೋರಿಸುವ ಗೆರೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬಂದಿದ್ದರಿಂದ ಸಜ್ಜಿ ರೊಟ್ಟಿಗೆ ಬೇಡಿಕೆ ದಿನೇ ದಿನೇ ಏರುತ್ತಿತ್ತು, ನನ್ನ ಗೆರೆಯೂ ಏರುತ್ತಿತ್ತು. ಅದು ಹೇಳಿದಷ್ಟೇ ರೊಟ್ಟಿ ಮರುದಿನ ಹೋದವು. ಅದರ ಮರುದಿನವೂ ಹೋದವು. ಶಕುಂತಲಾ ಮೊದಲ ಸಲ ನನ್ನ ಹಿಂದೆ ಬಂದು ನಿಂತು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಪರದೆ ನೋಡಿದಳು.

“ಖರೇನ ಹೇಳ್ತೈತಲ್ರಿ ಇದು.”

ಅಮಾವಾಸ್ಯೆಯ ಹಿಂದಿನ ಸಂಜೆ ಗೆರೆ ನಮ್ಮೂರ ಕೋಟೆಗುಡ್ಡ ಹತ್ತುವಂತೆ ಹತ್ತಿ ನಿಂತಿತು. ನಾಳೆ ಇಂದಿನದಕ್ಕಿಂತಲೂ ಹೆಚ್ಚು ರೊಟ್ಟಿ ಬೇಕು.

“ನಾಳಿ ಅಂಗಡಿ ಬಂದ್‌ರಿ. ನಾಳಿ ಎಳ್ಳಮಾಸಿ” ಎಂದಳು ಶಕುಂತಲಾ. “ಊರಿಗೂರ ಹೊಲದಾಗ ಇರ್ತೈತಿ. ಎಲ್ಲಾರೂ ಬುತ್ತಿ ಕಟಗೊಂಡ ಚರಗ ಚೆಲ್ಲಾಕ ಹೋಗಿರ್ತಾರ. ಹೊಲದಾಗ ಎಡಿ ಚೆಲ್ಲಿ ಅಲ್ಲೇ ಉಂಡ ಸಂಜಿಗೆ ಬರ್ತಾರ. ರೊಟ್ಟಿ ಯಾರ ಕೊಳ್ತಾರ?”

“ಇದಕ್ಕ ಆಧಾರ ಏನೈತಿ?”

“ನಮ್ಮವ್ವ ಹೇಳ್ತಿದ್ಲು.”

“ಅದು ಒಂದ ಮೂಲ ಆತು. ಎರಡನೇ ಮೂಲ ಬೇಕು.”

“ಹುಸೇನ್‌ಬಿ, ನೀನರ ಹೇಳವಾ.”

“ನಮ್ಮವ್ವನೂ ಹಂಗ ಹೇಳ್ತಿದ್ಲರಿ” ಎಂದಳು ಹುಸೇನ್‌ಬಿ.

ಎರಡೂ ಮೂಲಗಳು ತೀರಿಕೊಂಡು ಬಹಳ ವರ್ಷಗಳಾಗಿದ್ದು, ಹೆಚ್ಚಿನ ವಿವರಣೆಗೆ ಲಭ್ಯವಿರಲಿಲ್ಲ. ನಾನು ಗೆರೆ ತೋರಿಸಿದೆ. ಜನ ಬಂದು ರೊಟ್ಟಿ ಇಲ್ಲದೆ ತಿರುಗಿ ಹೋದರೆ ಅಂಗಡಿಯ ಹೆಸರು ಕೆಡುತ್ತದೆ ಎಂದೂ ಸೇರಿಸಿದೆ. ಆ ಮಾತು ಶಕುಂತಲಾಗೆ ನಾಟಿತು, ಅಂಗಡಿ ತೆರೆಯಲು ಒಪ್ಪಿದಳು.

ಇದು ಅವಳಿಗೆ ಸಣ್ಣ ತ್ಯಾಗವಾಗಿರಲಿಲ್ಲ. ಅವಳ ಅಕ್ಕ ನೀಲವ್ವನನ್ನು ಹತ್ತಿರದ ಯಾವಗಲ್ ಊರಿಗೆ ಕೊಟ್ಟಿದ್ದಾರೆ. ವರ್ಷವಿಡೀ ಹಂಚಿನ ಮುಂದೆ ಕೂರುವ ಶಕುಂತಲಾ, ಎಳ್ಳಮಾಸಿ ದಿನ ಮಾತ್ರ ಅಕ್ಕನ ಹೊಲದಲ್ಲಿ ಇನ್ನೊಬ್ಬರು ಮಾಡಿದ ರೊಟ್ಟಿ ಕುಳಿತು ಉಣ್ಣುತ್ತಾಳೆ. ಹುಸೇನ್‌ಬಿಯೂ ಪ್ರತಿ ವರ್ಷ ಅವಳ ಜೊತೆ ಹೋಗುತ್ತಾಳೆ. ಅದಕ್ಕೆಂದೇ ತೆಗೆದಿಟ್ಟಿದ್ದ ಇಳಕಲ್ ಸೀರೆಯನ್ನು ಶಕುಂತಲಾ ಮಡಿಸಿ ಟ್ರಂಕಿಗೆ ಹಾಕಿದಳು. ಅಕ್ಕನಿಗೆ ಫೋನ್ ಮಾಡಿ, “ಬರಾಕ ಆಗೂದಿಲ್ಲಕ್ಕ. ಇವರ ಗೆರಿ ಏರೇತಿ” ಎಂದಳು. ಆ ಕಡೆಯಿಂದ ನೀಲವ್ವ, ನನ್ನನ್ನು ಯಾವ ದವಾಖಾನಿಯಲ್ಲಿ ತೋರಿಸಿದಿರಿ ಎಂದು ಕೇಳಿದರಂತೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದಾಗ ರೊಟ್ಟಿಯ ಸಾಲುಗಳು ನನ್ನ ಭುಜದೆತ್ತರಕ್ಕೆ ನಿಂತಿದ್ದವು. ಮೊದಲು ಬಂದವರು ಎದುರುಮನೆಯ ಬಸಣ್ಣ. ನಾನು ರೊಟ್ಟಿ ಕಟ್ಟಲು ಕಾಗದ ತೆಗೆದುಕೊಂಡೆ. ಬಸಣ್ಣ ಮನೆಯ ಕೀಲಿಕೈ ಕೊಟ್ಟರು.

“ಹೊಲಕ್ಕ ಹೊಂಟೀವ್ರಿ. ಊರಾಗ ನೀವಷ್ಟ ಅದೀರಿ ಅಂತ. ಮನಿ ಕಡೆ ಒಂದೀಟ ಕಣ್ಣಿಡ್ರಿ.”

ಸುದ್ದಿ ಬೇಗ ಹರಡಿತು. ಅವರ ಹಿಂದೆ ಪಕ್ಕದವರು ಬಂದರು, ಪಕ್ಕದವರ ಹಿಂದೆ ಮೂಲೆಮನೆಯವರು ಬಂದರು. ಎತ್ತಿನ ಗಾಡಿ, ಟ್ರ್ಯಾಕ್ಟರು, ಟಂಟಂ ಎಲ್ಲ ಊರಾಚೆ ಹೋದವು. ಬಿಸಿಲೇರುವ ಹೊತ್ತಿಗೆ ನನ್ನ ಬಳಿ ಒಂದೂ ಆರ್ಡರ್ ಇರಲಿಲ್ಲ. ಓಣಿಯ ಅರ್ಧ ಮನೆಗಳ ಕೀಲಿಕೈ ಇದ್ದವು.

“ಕೀಲಿಕೈಗೂ ಒಂದ ಖಾನೆ ಮಾಡ್ರಿ ಸಾಹೇಬ್ರ. ಗೆರಿ ಚಲೋ ಏರತೈತಿ” ಎಂದಳು ಹುಸೇನ್‌ಬಿ.

ಶಕುಂತಲಾ ಬಾಗಿಲಿಗೆ ಬಂದು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಒಳಗೆ ಹೋಗಿ ಟ್ರಂಕು ತೆರೆದ ಸದ್ದು ಕೇಳಿತು. ತಡವಾಗಿ ಹೊರಟ ಒಂದು ಟ್ರ್ಯಾಕ್ಟರು ಯಾವಗಲ್ ಕಡೆ ಹೋಗುತ್ತಿತ್ತು. ಇಳಕಲ್ ಸೀರೆಯಲ್ಲಿ ಹೊರಬಂದ ನನ್ನ ಹೆಂಡತಿ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದಳು. ಹುಸೇನ್‌ಬಿಯೂ ಅವಳ ಹಿಂದೆಯೇ ಹತ್ತಿದಳು.

ತರಬೇತಿಯಲ್ಲಿ ಹೇಳಿದ ಇನ್ನೊಂದು ಮಾತು ನನಗೆ ಆಗ ಹೊಳೆಯಿತು. ಗಿರಾಕಿ ನಮ್ಮ ಕಡೆ ಬರದಿದ್ದರೆ ನಾವು ಗಿರಾಕಿಯ ಕಡೆ ಹೋಗಬೇಕು. ಗಿರಾಕಿಗಳೆಲ್ಲ ಹೊಲದಲ್ಲಿದ್ದಾರೆ. ಹಾಗಾದರೆ ರೊಟ್ಟಿಯೂ ಹೊಲಕ್ಕೆ ಹೋಗಲಿ. ದೊಡ್ಡ ಬುಟ್ಟಿಯ ತುಂಬ ರೊಟ್ಟಿ ಎಣಿಸಿ ಹಾಕಿ, ಜೇಬಿನ ತುಂಬ ಓಣಿಯ ಕೀಲಿಕೈಗಳೊಂದಿಗೆ ನಾನೂ ಟ್ರ್ಯಾಕ್ಟರು ಹತ್ತಿದೆ.

“ಎಳ್ಳಮಾಸಿ ದಿನಾ ಹೊಲದಾಗ ರೊಟ್ಟಿ ಮಾರ್ತೀರಿ?” ಎಂದಳು ಶಕುಂತಲಾ.

“ಪ್ರಯೋಗ ಮಾಡಿ ನೋಡೂಣು.”

“ಮಾಡ್ರಿ. ನಾ ಅಕ್ಕನ ಕಡೆ ಇರ್ತೀನಿ. ನೀವ್ ಯಾರಂತ ಕೇಳಿದ್ರ ಗೊತ್ತಿಲ್ಲ ಅಂತೀನಿ.”

ಯಾವಗಲ್‌ನ ಮೊದಲ ಹೊಲದಲ್ಲಿ ಒಂದು ಕುಟುಂಬ ಬನ್ನಿ ಗಿಡದ ಕೆಳಗೆ ಊಟಕ್ಕೆ ಕುಳಿತಿತ್ತು. ನಾನು ಬುಟ್ಟಿ ಇಳಿಸಿ ಬಾಯಿ ತೆರೆಯುವ ಮೊದಲೇ ಹಿರಿಯರೊಬ್ಬರು ಕೈ ಹಿಡಿದು ಕೂರಿಸಿದರು. ತಟ್ಟೆಯಲ್ಲಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬಂದವು. ಬಾಯಿ ತುಂಬಿದ್ದರಿಂದ ಬೆಲೆ ಹೇಳಲಾಗಲಿಲ್ಲ. ನುಂಗಿ ಹೇಳಿದೆ. ಹಿರಿಯರು ಬುಟ್ಟಿಯನ್ನೂ ನನ್ನನ್ನೂ ದೀರ್ಘಕಾಲ ನೋಡಿದರು.

“ಮನ್ಯಾಗ ಏನರ ಜಗಳ ಆಗೇತೇನ್ರಿ?”

“ಇಲ್ರಿ, ಇದು ವ್ಯಾಪಾರ.”

“ಇರ್ಲಿ, ಎಲ್ಲಾರ ಮನ್ಯಾಗೂ ಇರೂದ” ಎಂದು ಸಮಾಧಾನ ಹೇಳಿದರು. ನನ್ನ ಮನಸ್ಸಿಗೆ ನೋವಾಗಬಾರದೆಂದು ಬುಟ್ಟಿಯಿಂದ ಎರಡು ರೊಟ್ಟಿ ತೆಗೆದುಕೊಂಡರು. ಈ ದಿನ ಹೊಲಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಆದ್ದರಿಂದ ತಮ್ಮ ಗಂಟಿನಿಂದ ಒಂದು ಕಟ್ಟು ರೊಟ್ಟಿ ತೆಗೆದು ನನ್ನ ಬುಟ್ಟಿಗೆ ಹಾಕಿದರು.

ಎರಡನೇ ಹೊಲದಲ್ಲೂ ಇದೇ ಆಯಿತು. ಮೂರನೆಯದರಲ್ಲಿ ನಾನು ಬುಟ್ಟಿಯನ್ನು ಬದುವಿನ ಹಿಂದೆ ಬಚ್ಚಿಟ್ಟು ಮಾತಿಗಿಳಿದೆ. ಯಾರೋ ಹುಡುಕಿಕೊಂಡು ಹೋಗಿ ತುಂಬಿ ತಂದರು. ನಾಲ್ಕನೆಯದರಲ್ಲಿ ಊಟ ಬೇಡವೆಂದು ಕೈಮುಗಿದೆ. ಜಗಳ ಬಹಳ ದೊಡ್ಡದಿರಬೇಕು ಎಂದು ಅವರು ಕಡುಬು ಸೇರಿಸಿದರು. ಐದನೆಯದು, ನೋಡಿದರೆ, ಬಸಣ್ಣ ಬಂದಿದ್ದ ಬೀಗರ ಹೊಲ.

“ಮನಿ ಕಾಯಾಕ ಬಿಟ್ಟ ಬಂದ್ರ ಇಲ್ಲೇನ ಮಾಡಾಕತ್ತೀರಿ?”

ನಾನು ಬುಟ್ಟಿ ಇಳಿಸುವಾಗ ಜೇಬಿನಲ್ಲಿ ಕೀಲಿಕೈಗಳು ಗಲಗಲ ಎಂದವು. ಬಸಣ್ಣ ಹೊಟ್ಟೆ ಹಿಡಿದು ನಕ್ಕು, “ಬರ್ರಿ, ಮೊದಲ ಉಣ್ರಿ” ಎಂದರು.

ಸಂಜೆ ನೀಲವ್ವನ ಹೊಲಕ್ಕೆ ತಲುಪಿದಾಗ ಬುಟ್ಟಿ ಹೊರಲು ಇಬ್ಬರು ಬೇಕಾಗಿದ್ದರು. ನನ್ನನ್ನು ಹೊರಲು ಇನ್ನಿಬ್ಬರು ಬೇಕಾಗಿದ್ದರು. ಶಕುಂತಲಾ ಜೋಳದ ಬೆಳೆಯ ಪಕ್ಕ ಕಂಬಳಿಯ ಮೇಲೆ ಕಾಲು ಚಾಚಿ, ಅಕ್ಕ ಮಾಡಿದ ಹೋಳಿಗೆ ತಿನ್ನುತ್ತಿದ್ದಳು. ಬುಟ್ಟಿ ನೋಡಿ ತಿನ್ನುವುದನ್ನು ನಿಲ್ಲಿಸಿದಳು. ಆಮೇಲೆ ನಕ್ಕಳು. ಹುಸೇನ್‌ಬಿ ನಕ್ಕಳು, ನೀಲವ್ವ ನಕ್ಕರು. ಅಷ್ಟು ನಗು ನಮ್ಮ ಚಪ್ಪರದಲ್ಲಿ ನಾನು ಎಂದೂ ಕೇಳಿರಲಿಲ್ಲ.

ಮರುದಿನ ದಾಖಲೆ ದಾಖಲೆಯೇ ಎಂದು ಅಂಕಿ ತುಂಬಿದೆ. ಒಯ್ದದ್ದರಲ್ಲಿ ಉಳಿದದ್ದನ್ನು ಕಳೆದರೆ ಮಾರಿದ್ದು ಸಿಗಬೇಕು. ಉಳಿದದ್ದೇ ಹೆಚ್ಚಿತ್ತು. ಮಾರಾಟದ ಮುಂದೆ ಮೈನಸ್ ಗುರುತು ಬಂತು.

“ಹಂಗಂದ್ರ?” ಎಂದಳು ಶಕುಂತಲಾ.

“ನಾವು ಮಾರಿಲ್ಲ. ಯಾವಗಲ್‌ದವರು ನಮಗ ಮಾರ್‍ಯಾರ.”

“ರೊಕ್ಕಾ ಕೇಳಿಲ್ಲಲ್ಲ, ಪುಣ್ಯಾ. ಆ ಬುಟ್ಟಿ ಮಾರಾಕ ಇಡಬ್ಯಾಡ್ರಿ, ಪ್ರೀತಿಯಿಂದ ಕೊಟ್ಟದ್ದು. ನೀವ ಉಣ್ರಿ.” ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ ಎಂಬುದು ನಮ್ಮ ಅಂಗಡಿಯ ಮುಖ್ಯ ಜಾಹೀರಾತು. ಅದು ನಿಜವೆಂದು ಸಂಕ್ರಾಂತಿ ದಾಟಿದ ಮೇಲೂ ನಾನು ಸಾಕ್ಷಿ ಹೇಳಬಲ್ಲವನಾಗಿದ್ದೆ.

ಆಮೇಲೆ ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. “ಮುಂದಿನ ವರ್ಷದ ಎಳ್ಳಮಾಸಿ ಎಲ್ಲೈತಿ? ಅಲ್ಲಿ ರಜಾ ಅಂತ ಬರೀರಿ.”

ಸಂಖ್ಯೆ ಇರಬೇಕಾದ ಜಾಗದಲ್ಲಿ ನಾನು ರಜಾ ಎಂದು ಬರೆದೆ. ಕೆಳಗಿನ ಮೊತ್ತ ತಕ್ಷಣ ಮಾಯವಾಗಿ ದೋಷ ಎಂಬ ಸೂಚನೆ ಬಂತು.

“ಏನಂತೈತಿ?”

“ರಜಾ ಅಂದ್ರ ಏನಂತ ಅದಕ್ಕ ತಿಳಿವಲ್ದಂತ.”

“ಕಲಿಸಿದವರ ಹಂಗ ಐತಿ ಬಿಡ್ರಿ” ಎಂದು ಶಕುಂತಲಾ ಹಿಟ್ಟು ನಾದಲು ಎದ್ದುಹೋದಳು.