ಇಂದುಧರನ ಗ್ರೀಕ್ ಗಡ್ಡ, ಸ್ಪ್ಯಾನಿಷ್ ಮೀಸೆ

ಎಲ್ಲ ತಾಪತ್ರಯಕ್ಕೂ ಮೂಲ ಇಂದುಧರನ ಮುಖ. ಸ್ಯಾನ್ ಡಿಯಾಗೋ ಹತ್ತಿರದ ಕಾರ್ಲ್ಸ್‌ಬಾಡಿನ ಪೆಟ್ರೋಲ್ ಬಂಕಿನಲ್ಲಿ ಅವನನ್ನು ಕಂಡವರು ಸೀದಾ ಸ್ಪ್ಯಾನಿಷ್‌ನಲ್ಲೇ ಮಾತಿಗಿಳಿಯುತ್ತಿದ್ದರು. ಲಾಂಗ್ ಬೀಚಿನ ಗ್ರೀಕ್ ಹೋಟೆಲಿನ ಮುದುಕಿಯೊಬ್ಬಳು ತನ್ನೂರಿನ ಹುಡುಗನೇ ಬಂದನೆಂದು ಗ್ರೀಕ್‌ನಲ್ಲಿ ಕ್ಷೇಮ ವಿಚಾರಿಸಿದ್ದಳು. ತುಮಕೂರಿನಲ್ಲಿ ಹುಟ್ಟಿ, ತಟ್ಟೆ ಇಡ್ಲಿ ತಿಂದು ಬೆಳೆದವನಿಗೆ ಇದಕ್ಕಿಂತ ಅವಮಾನ ಬೇಕೇ?

ಸಹೋದ್ಯೋಗಿ ನಿತಿನ್‌ಗೆ ಮಾತ್ರ ಈ ಅವಮಾನದಲ್ಲಿ ಅವಕಾಶ ಕಂಡಿತು. ಗ್ರೀಕರು ಹಿಂದೆ ಸ್ಪೇನಿನ ಕರಾವಳಿಗೆ ಬಂದು ಪೇಟೆ ಕಟ್ಟಿದ ಕತೆಯನ್ನು ಟಿವಿಯವರು ಸ್ಯಾನ್ ಡಿಯಾಗೋ ಬೀಚಿನಲ್ಲಿ ಶೂಟ್ ಮಾಡುವವರಿದ್ದರು. ನಿತಿನ್ ಕೇಳದೆ ಇಂದುಧರನ ಫೋಟೊ ಕಳಿಸಿದ. ಗ್ರೀಕ್ ವರ್ತಕನ ಪಾತ್ರ ಸಿಕ್ಕೇಬಿಟ್ಟಿತು. ಇಂದುಧರ ಬೈದುಕೊಂಡೇ ಒಪ್ಪಿದ. ಒಪ್ಪಿದ್ದು ತುಮಕೂರಿನ ಅಕ್ಕ ಜಯದೇವಿಗಾಗಿ.

"ನೀನು ಟಿವಿಲಿ ಬರ್ತೀಯ ಅಂತ ಇಡೀ ಬೀದಿಗೆ ಹೇಳಿದ್ದೀನಿ ಕಣೋ, ನನ್ನ ಮಾನ ಕಳೀಬೇಡ" ಎಂದಿದ್ದಳು ಅವಳು.

ಶೂಟಿಂಗ್ ದಿನ ಬೆಳಿಗ್ಗೆ ಗಡ್ಡ ಅಂಟಿಸಿದರು. ಗ್ರೀಕ್ ಸಲಹೆಗಾರ್ತಿ ಬಂದು ಸುತ್ತಲೂ ತಿರುಗಿ ನೋಡಿ, ಇವನು ಅಪ್ಪಟ ಸ್ಪೇನಿನವನು, ನಮ್ಮವನಾಗಲು ಸಾಧ್ಯವೇ ಇಲ್ಲ ಎಂದಳು. ಗಡ್ಡ ಕಿತ್ತರು, ಜೊತೆಗೆ ಅರ್ಧ ಕೆನ್ನೆಯೂ ಹೋದಂತಾಯಿತು. ಹಾಗಾದರೆ ದಡದ ಸ್ಪೇನಿನವನ ಪಾತ್ರವನ್ನೇ ಮಾಡಲಿ ಎಂದು ಮೀಸೆ ಅಂಟಿಸಿದರು. ಸ್ಪೇನಿನ ಸಲಹೆಗಾರ ಬಂದು, ಇಂಥ ಮೂಗು ಗ್ರೀಸ್ ಬಿಟ್ಟರೆ ಬೇರೆಲ್ಲೂ ಬೆಳೆಯುವುದಿಲ್ಲ ಎಂದ.

ಅಲ್ಲಿಗೆ ಇಂದುಧರನನ್ನು ಮರೆತು ಇಬ್ಬರೂ ಮದುವೆಮನೆಯ ಬೀಗರಂತೆ ಜಗಳಕ್ಕೆ ನಿಂತರು. ನಿಮಗೆ ವ್ಯಾಪಾರ ಕಲಿಸಿದವರೇ ನಾವು ಎಂದಳು ಅವಳು. ನಮ್ಮಲ್ಲಿಗೆ ಬಂದ ನಿಮ್ಮ ಚಿತ್ರಕಾರನನ್ನು 'ಗ್ರೀಕ' ಅಂತಲೇ ಕರೆದು ದೊಡ್ಡವನನ್ನಾಗಿ ಮಾಡಿದವರು ನಾವು, ನಿಮ್ಮ ರಾಜಕುಮಾರಿಯನ್ನು ನಮ್ಮ ರಾಣಿ ಮಾಡಿಕೊಂಡೆವು, ಇನ್ನೇನು ಮಾಡಬೇಕಿತ್ತು ಎಂದ ಅವನು. ಇಷ್ಟು ಹಳೆಯ ನಂಟಸ್ತಿಕೆಯ ಜಗಳವನ್ನು ಬೇರೆಯವನ ಮೂಗಿನ ಮೇಲೆ ಆಡಬೇಕೇ ಎಂದು ಇಂದುಧರನ ಮೈಯೆಲ್ಲ ಉರಿಯಿತು.

ಕೊನೆಗೆ ನಿರ್ದೇಶಕ ತೀರ್ಪು ಕೊಟ್ಟ: ಎರಡೂ ಪಾತ್ರ ಇವನೇ ಮಾಡಲಿ. ಗಡ್ಡದ ಇಂದುಧರ ಹಡಗಿಳಿದು ಕೈ ಚಾಚಿದ. ಗಡ್ಡ ಕಿತ್ತ ಮೇಲೆ ಮೀಸೆಯ ಇಂದುಧರ ದಡದಲ್ಲಿ ನಿಂತು ಕೈ ನೀಡಿದ. ಎರಡನ್ನೂ ಕೂಡಿಸಿದರೆ ಎರಡು ಜನಾಂಗಗಳ ಗೆಳೆತನ.

ಅಷ್ಟರಲ್ಲಿ ಪೇಟೆಯ ದೃಶ್ಯಕ್ಕೆ ಮೆಣಸು ಮಾರುವ ಇಂಡಿಯನ್ ಒಬ್ಬ ಬೇಕೆಂದಾಯಿತು. ಇಂದುಧರನಿಗೆ ಹೋದ ಜೀವ ಬಂತು. ಅಂಟು ಮೀಸೆ ಇಲ್ಲದ ಸ್ವಂತ ಮುಖ, ಅಕ್ಕ ನೋಡಿದ ಕೂಡಲೇ ಗುರುತು ಹಿಡಿಯುವ ಮುಖ.

"ಸರ್, ನಾನೇ ಇಂಡಿಯನ್" ಎಂದ.

ನಿರ್ದೇಶಕ ಅವನನ್ನು ಕನಿಕರದಿಂದ ನೋಡಿದ. "ಬೇಜಾರಾಗ್ಬೇಡಿ. ನಿಮ್ಮಲ್ಲಿ ಆ ಇಂಡಿಯನ್ ಲುಕ್ ಇಲ್ಲ."

ಆ ಲುಕ್ ಇದ್ದದ್ದು ಗಡಿಯಾಚೆಯ ಸ್ಪ್ಯಾನಿಷ್ ಮಾತಾಡುವ ಊರು ಟಿಹುವಾನಾದಿಂದ ಬಂದ ವ್ಯಾನ್ ಡ್ರೈವರ್ ರಾಮೋನ್‌ಗೆ. ಅವನಿಗೆ ಪೇಟ ಸುತ್ತುವುದು, ಒಂದು ಸಾಲು ಕನ್ನಡ ಕಲಿಸುವುದು ಇಂದುಧರನ ಪಾಲಿಗೆ ಬಂತು. ಹಲ್ಲು ಕಡಿಯುತ್ತಾ ಪೇಟ ಸುತ್ತಿದ. ನಿರ್ದೇಶಕನಿಗೆ, ಇದರ ಅರ್ಥ 'ಮೆಣಸು ಬೇಕೇ' ಎಂದು ಹೇಳಿ, ಹೊಟ್ಟೆಯೊಳಗಿದ್ದುದನ್ನೇ ಕಲಿಸಿದ. ರಾಮೋನ್ ಒಂದೇ ಸಲಕ್ಕೆ ಅಕ್ಷರ ತಪ್ಪದೆ ಅಂದ:

"ಸ್ವಾಮಿ, ನಿಮಗೆ ಕಣ್ಣಿಲ್ವಾ?"

ಕೆಲವು ತಿಂಗಳ ನಂತರ ಅದು ಟಿವಿಯಲ್ಲಿ ಬಂತು. ಮುಗಿದ ಕೂಡಲೇ ಅಕ್ಕನ ಫೋನು.

"ಆ ಗಡ್ಡದವನೂ ಮೀಸೆಯವನೂ ಅಣ್ಣತಮ್ಮಂದಿರೇ ಇರಬೇಕು, ಒಂದೇ ಮೂಗು. ಅದಿರ್ಲಿ, ನೀನೆಲ್ಲೋ?"

ಅವರಿಬ್ಬರೂ ನಾನೇ ಎಂದ ಇಂದುಧರ.

"ತೆಗೆದುಹಾಕಿದ್ರು ಅಂದ್ರೆ ಸಾಕಿತ್ತು, ಸುಳ್ಳು ಯಾಕೆ ಹೇಳ್ತೀಯ" ಎಂದಳು ಜಯದೇವಿ. ಆಮೇಲೆ ದನಿ ತಗ್ಗಿಸಿದಳು. "ಆ ಮೆಣಸಿನ ಹುಡುಗ ಇದ್ದಾನಲ್ಲ, ಎಂಥಾ ಸ್ವಚ್ಛ ಕನ್ನಡ. ಮುಖ ನೋಡಿದ್ರೇ ಗೊತ್ತಾಗುತ್ತೆ, ನಮ್ಮ ಕಡೆಯವನೇ. ಮದುವೆ ಆಗಿದೆಯಾ, ಸ್ವಲ್ಪ ವಿಚಾರ್ಸು."